ಹನ್ನೊಂದನೆಯ ಪ್ರಶ್ನೆ

2023ರಲ್ಲಿ ನಾನು ಮದ್ದೂರು ತಾಲ್ಲೂಕಿನ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಪಕನಾಗಿದ್ದೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಪಾಠದ ಜೊತೆಗೆ ಐಕ್ಯೂಎಸಿ ಸಂಯೋಜಕನ ಹೊಣೆಯೂ ನನ್ನ ತಲೆಗೇ ಬಂದಿತ್ತು. ಐಕ್ಯೂಎಸಿ ಎಂದರೆ ಕಾಲೇಜಿನ ಬೋಧನೆಯ ಗುಣಮಟ್ಟವನ್ನು ಅಳೆದು, ದಾಖಲೆ ಮಾಡಿ, ತಪಾಸಣೆಗೆ ಬರುವವರ ಮುಂದಿಡುವ ಒಳಸಮಿತಿ. ಅಳೆಯುವುದೆಂದರೆ ನನಗೆ ಪಂಚಪ್ರಾಣ. ಕಾಫಿಗೆ ಸಕ್ಕರೆಯನ್ನೂ ಅಳೆದೇ ಹಾಕಿಕೊಳ್ಳುವ ಆಸಾಮಿ ಎಂದು ನನ್ನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಅಧ್ಯಾಪಕರ ಬಗ್ಗೆ ವಿದ್ಯಾರ್ಥಿಗಳಿಂದ ಫೀಡ್‌ಬ್ಯಾಕ್ ಪಡೆಯಲು ಆ ಡಿಸೆಂಬರಿನಲ್ಲಿ ನಾನೇ ಒಂದು ಫಾರ್ಮ್ ಸಿದ್ಧಪಡಿಸಿದೆ. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ, ಐದು ಅತ್ಯುತ್ತಮ. ತರಗತಿ ಸಮಯಕ್ಕೆ ಶುರುವಾಗುತ್ತದೆಯೇ, ಸಿಲಬಸ್ ವೇಳಾಪಟ್ಟಿಯಂತೆ ಸಾಗಿದೆಯೇ, ಪ್ರೊಜೆಕ್ಟರ್ ಬಳಸುತ್ತಾರೆಯೇ, ನೋಟ್ಸ್ ಅಪ್‌ಲೋಡ್ ಮಾಡುತ್ತಾರೆಯೇ, ಹೀಗೆ. ಎಲ್ಲವೂ ತಪಾಸಣೆಯವರಿಗೆ ದಾಖಲೆ ಸಮೇತ ತೋರಿಸಬಹುದಾದಂಥವು. ಸರಾಸರಿ ಮೂರಕ್ಕಿಂತ ಕಡಿಮೆ ಬಂದ ಅತಿಥಿ ಉಪನ್ಯಾಸಕರನ್ನು ಮುಂದಿನ ಸೆಮಿಸ್ಟರ್‌ಗೆ ಕರೆಯಬಾರದು ಎಂದು ಸಭೆ ತೀರ್ಮಾನಿಸಿತು. ಆ ಸಾಲನ್ನು ಬರೆದವನೂ ನಾನೇ.

ಫಲಿತಾಂಶ ಬಂತು. ಪಟ್ಟಿಯ ಮೇಲ್ತುದಿಯಲ್ಲಿ ನನ್ನ ಹೆಸರು, 4.6. ಸುಳ್ಳೇಕೆ, ಹಿಗ್ಗಿದೆ. ತಳದಲ್ಲಿ ಗಣಿತದ ಅತಿಥಿ ಉಪನ್ಯಾಸಕಿ ನಸ್ರೀನ್, 2.1. ಆಕೆ ಮದ್ದೂರಿನವಳು, ತಂದೆಯದು ಬಸ್ ಸ್ಟ್ಯಾಂಡ್ ಹತ್ತಿರ ಟ್ರ್ಯಾಕ್ಟರ್ ರಿಪೇರಿ ಮಾಡುವ ಗ್ಯಾರೇಜು. ನಾಲ್ಕು ವರ್ಷದಿಂದ ನಮ್ಮಲ್ಲೇ ಪಾಠ ಮಾಡುತ್ತಿದ್ದಳು.

ನಿಯಮದಂತೆ ಕರೆದು ಹೇಳಿದೆ. ಅವಳು ಹಾಳೆಯನ್ನು ಎರಡು ಸಲ ಓದಿದಳು.

"ಕೆಲ್ಸ ಹೋದ್ರೆ ಇನ್ನೊಂದು ಕಡೆ ನೋಡ್ಕತೀನಿ ಸಾರ್. ಆದ್ರೆ ಮಕ್ಳು ಹಿಂಗೆ ಬರ್ದ್ರಾ?" ಎಂದಳು. ಅಳಲಿಲ್ಲ. ಹಾಳೆಯನ್ನು ನೀಟಾಗಿ ಮಡಿಸಿ ಕೊಟ್ಟು ಹೋದಳು. ಅತ್ತಿದ್ದರೆ ನನಗೆ ಅಷ್ಟು ಕಸಿವಿಸಿಯಾಗುತ್ತಿರಲಿಲ್ಲ.

ಲೆಕ್ಕ ತಪ್ಪಿರಲಿಲ್ಲ; ಮೂರು ಸಲ ಕೂಡಿ ನೋಡಿದೆ. ಆದರೂ ಮನಸ್ಸು ಒಪ್ಪಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಜಗಲಿಯ ಮೇಲೆ ಇದೇ ಹುಡುಗ ಹುಡುಗಿಯರು ಅವಳನ್ನು ಮುತ್ತಿಕೊಂಡಿರುವುದನ್ನು ನಾನೇ ಕಂಡಿದ್ದೆ. ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ, ಹೇಳದೆ ಕೇಳದೆ, ಅವಳ ತರಗತಿಯ ಕೊನೆಯ ಬೆಂಚಿನಲ್ಲಿ ಹೋಗಿ ಕೂತೆ.

ನಲವತ್ತೆರಡು ಜನರಲ್ಲಿ ಹದಿನಾರೇ ಮಂದಿ. ನಸ್ರೀನ್ ಬೋರ್ಡಿನ ಮೇಲೆ ಹಿಂದಿನ ಪಾಠದ ಒಂದು ಲೆಕ್ಕ ಬರೆದು, ಮಾಡಿ ಎಂದು ಬಿಟ್ಟಳು. ಹೊಸ ಪಾಠ ಶುರು ಮಾಡಲಿಲ್ಲ. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು, ನನ್ನ ಪಿತ್ತ ನೆತ್ತಿಗೇರಿತು. 9.52ಕ್ಕೆ ಹೊರಗೆ ದಡದಡ ಸದ್ದು. ಮಳವಳ್ಳಿ ಬಸ್ಸಿನ ಇಪ್ಪತ್ತಾರು ಮಂದಿ ಏದುಸಿರು ಬಿಡುತ್ತಾ ಒಳಗೆ ಬಂದರು. ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ದಾರಿಯಲ್ಲಿ ಸಿಗುವ ಭಾರತೀನಗರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ಹಿಡಿದು ನಿಂತಿರುತ್ತವೆ. ಬಸ್ಸು ಅವುಗಳ ಹಿಂದೆ ತೆವಳಿಕೊಂಡು ಬರಬೇಕು. ಅವರೆಲ್ಲ ಕೂತ ಮೇಲೆ ಅವಳು ಹೊಸ ಪಾಠ ತೆಗೆದಳು. ನಾನು ಡಿಗ್ರಿಯಲ್ಲಿ ಉರು ಹೊಡೆದು ಪಾಸಾಗಿದ್ದ ಭಾಗ ಅದು. ಅವತ್ತು ಮೊದಲ ಸಲ ನನಗೆ ಅರ್ಥವಾಯಿತು.

ಪಾಠ ಮುಗಿದ ಮೇಲೆ ನಸ್ರೀನ್‌ಳನ್ನು ಹೊರಗೆ ಕಳಿಸಿ ಮಕ್ಕಳನ್ನು ಕೇಳಿದೆ: "ಇಷ್ಟು ಚೆನ್ನಾಗಿ ಪಾಠ ಮಾಡುವವರಿಗೆ ಇಂಥ ಅಂಕ ಕೊಡುತ್ತೀರಾ?"

ಮುಂದಿನ ಸಾಲಿನಲ್ಲಿದ್ದ, ಮಳವಳ್ಳಿ ಕಡೆಯ ಪವಿತ್ರಾ ಎಂಬ ಹುಡುಗಿ ಎದ್ದು ನಿಂತಳು. "ಸುಳ್ಳು ಬರೀಬ್ಯಾಡಿ, ಕೇಳಿದ್ದಕ್ಕೆ ಮಾತ್ರ ಉತ್ರ ಕೊಡಿ ಅಂತ ನೀವೇ ಯೋಳುದ್ರಲ್ಲಾ ಸಾರ್? ಟೈಮಿಗೆ ಸುರು ಮಾಡ್ತಾರಾ ಅಂದ್ರಿ. ಇಲ್ಲ, ನಮ್ಗೋಸ್ಕರ ಕಾಯ್ತಾರೆ, ಒಂದು ಆಕುದ್ವಿ. ಪ್ರೊಜೆಕ್ಟ್ರು ಅಂದ್ರಿ. ಬೋರ್ಡ್ ಮ್ಯಾಲೇ ಬರೀತಾರೆ, ಒಂದು ಆಕುದ್ವಿ. ಪಾಠ ತಿಳೀತದಾ ಅಂತ ಎಲ್ಲಿ ಕೇಳಿದ್ರಿ? ಕೇಳಿದ್ರೆ ಐದು ಆಕ್ತಿರ್ನಿಲ್ವಾ?"

"ಊಟದ ಟೈಮಲ್ಲಿ ಉಳ್ದ ಪಾಠ ಮಾಡ್ತಾರೆ ಸಾರ್, ಅದ್ನೂ ನೀವು ಕೇಳ್ನಿಲ್ಲ" ಎಂದು ಹಿಂದಿನಿಂದ ಇನ್ನೊಬ್ಬ ಸೇರಿಸಿದ.

ಜೇಬಿನಲ್ಲಿದ್ದ ಫಾರ್ಮ್ ತೆಗೆದು ನೋಡಿದೆ. ಹತ್ತು ಪ್ರಶ್ನೆಗಳಲ್ಲಿ ಅದೊಂದು ನಿಜವಾಗಿಯೂ ಇರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ ಬೋಧನೆಯನ್ನು ಅಳೆಯಲು ಹೊರಟು, ಮಕ್ಕಳಿಗೆ ತಿಳಿಯಿತೇ ಎಂದು ಕೇಳುವುದನ್ನೇ ಮರೆತಿದ್ದೆ.

ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ.

"ಆ ಫಾರ್ಮ್ ನಿಮ್ದೇ ಅಲ್ವೇನ್ರೀ?" ಎಂದರು.

"ನಂದೇ ಸಾರ್. ತಪ್ಪೂ ನಂದೇ."

ಅವರು ಎಲ್ಲ ತರಗತಿಗಳಲ್ಲೂ ಹನ್ನೊಂದನೆಯ ಪ್ರಶ್ನೆಯೊಂದನ್ನು ಕೇಳಿಸಲು ಒಪ್ಪಿದರು: 'ಪಾಠ ನಿಮಗೆ ತಿಳಿಯುತ್ತದೆಯೇ?' ಶುಕ್ರವಾರ ಉತ್ತರ ಬಂತು. ನಸ್ರೀನ್‌ಗೆ 4.9. ನನಗೆ 2.7.

ಪ್ರಿನ್ಸಿಪಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ರೂಲ್ ಪ್ರಕಾರ ಮುಂದಿನ ಸೆಮಿಸ್ಟರ್‌ಗೆ ನಿಮ್ಮನ್ನೇ ಕರೀಬಾರ್ದಲ್ರೀ!" ನನಗೂ ನಗು ಬಂತು. ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಆ ನಗುವಿನಲ್ಲಿ ಇಳಿದುಹೋಯಿತು. ಮೂರಕ್ಕಿಂತ ಕಡಿಮೆ ಬಂದವರನ್ನು ಕರೆಯಬಾರದೆಂಬ ನನ್ನ ಸಾಲನ್ನು ಸಭೆ ಹೊಡೆದುಹಾಕಿತು, ನಸ್ರೀನ್ ಉಳಿದಳು. ಪವಿತ್ರಾ ಹೇಳಿದ್ದನ್ನು ಅವಳಿಗೆ ಹೇಳಿದಾಗ ಮಾತ್ರ ಅವಳ ಕಣ್ಣು ತುಂಬಿತು. "ಸದ್ಯ ಕಣ್ ಸಾರ್" ಎಂದಳು, ಅಷ್ಟೇ.

ಯಾವುದನ್ನು ಅಳೆಯುವುದು ಸುಲಭವೋ ಅದನ್ನೇ ಅಳೆದು, ಅದಕ್ಕೇ ಗುಣಮಟ್ಟ ಎಂದು ಹೆಸರಿಡುವ ಚಟ ನನಗಿತ್ತು. ಅದು ತಪ್ಪಿದ್ದು ಆ ಡಿಸೆಂಬರಿನಲ್ಲಿ. ಮುಂದಿನ ಸೆಮಿಸ್ಟರಿನಲ್ಲಿ ಅದೇ ಮಕ್ಕಳಿಗೆ ಒಂಬತ್ತೂವರೆಯ ಸಂಖ್ಯಾಶಾಸ್ತ್ರದ ತರಗತಿಯನ್ನು ನಾನೇ ಕೇಳಿ ತೆಗೆದುಕೊಂಡೆ. ಅಲ್ಲಿಯವರೆಗೆ ಮೂವತ್ತು ವರ್ಷ, ಗಂಟೆ ಹೊಡೆದ ಕೂಡಲೇ ಖಾಲಿ ಬೆಂಚುಗಳಿಗೆ ಪಾಠ ಮಾಡಿದವನು ನಾನು. ಈಗ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು, ಬಾಗಿಲಿನ ಕಡೆ ನೋಡುತ್ತಾ ನಿಲ್ಲುತ್ತಿದ್ದೆ. ಮೊದಲ ದಿನ ಎಲ್ಲರಿಗಿಂತ ಕೊನೆಗೆ ಒಳಗೆ ಬಂದ ಪವಿತ್ರಾ ನನ್ನನ್ನು ನೋಡಿ, ಗಡಿಯಾರ ನೋಡಿ, ನಕ್ಕಳು.

"ಸುರು ಮಾಡ್ಬುಡಿ ಸಾರ್, ಎಲ್ರೂ ಬಂದವ್ರೆ."