ನಿಂತರೆ ಇಳಿಯುವ ಹೊಟ್ಟೆ

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬೆಳಗಿನಿಂದಲೇ ಹಬೆ ತುಂಬಿರುತ್ತಿತ್ತು. ಅದರ ನಡುವೆ ನಿಂತು ಇಸ್ತ್ರಿ ಹಾಕುತ್ತಿದ್ದವಳನ್ನು ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಉದ್ದಕ್ಕೆ ಬೆಳೆದು ಅಡ್ಡಕ್ಕೆ ಬೆಳೆಯುವುದನ್ನೇ ಮರೆತ ಹೆಂಗಸು. ಬಿಳಿ ಹೊದಿಕೆಗಳು ಅವಳ ಕೈಕೆಳಗೆ ಹೊಳೆಯಂತೆ ಹರಿಯುತ್ತಿದ್ದವು. ತಾನು ನಿಂತಿದ್ದೇನೋ ತೇಲುತ್ತಿದ್ದೇನೋ ಎಂಬುದೇ ಅವಳಿಗೆ ಮರೆತುಹೋಗುತ್ತಿತ್ತು.

ಆದರೆ ಮಧ್ಯಾಹ್ನ ಉಂಡು ಮತ್ತೆ ಮೇಜಿನ ಮುಂದೆ ನಿಂತಳೆಂದರೆ ಹೊಟ್ಟೆಯೊಳಗೆ ಏನೋ ಇಳಿಯತೊಡಗುತ್ತಿತ್ತು. ಹಗ್ಗ ಸಡಿಲಿಸಿದ ಕೊಡ ಬಾವಿಗೆ ಇಳಿಯುವ ಹಾಗೆ, ಸದ್ದಿಲ್ಲದೆ, ನಿಧಾನಕ್ಕೆ. ಸೊಂಟ ಜಗ್ಗುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಅಂಗಾತ ಮಲಗಿದರೆ ಸಾಕು, ಇಳಿದದ್ದು ಮೆಲ್ಲಗೆ ಮೇಲೆ ಬಂದು ತನ್ನ ಜಾಗದಲ್ಲಿ ಕೂತುಕೊಳ್ಳುತ್ತಿತ್ತು.

ಈ ಮಲಗುವುದು ಓರಗಿತ್ತಿಯ ಕಣ್ಣಿಗೆ ಬಿತ್ತು. ಲಾಂಡ್ರಿ ಅವಳದು, ಗಲ್ಲಾಪೆಟ್ಟಿಗೆ ಅವಳದು, ನಾಲಿಗೆಯಂತೂ ಅವಳದೇ. ಉಣ್ಣುವಾಗ ಇಲ್ಲದ ಕಾಯಿಲೆ ಉಂಡ ಮೇಲೆ ಹೇಗೆ ಬರುತ್ತದೆ ಎಂದು ಗಿರಾಕಿಗಳ ಮುಂದೆಯೇ ಕೇಳಿದಳು. ಕಡ್ಡಿಯ ಗಂಡನೋ, ಅತ್ತಿಗೆಯ ಎದುರು ತುಟಿ ಬಿಚ್ಚದವನು. ಒಂದು ಸಲ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಏನೂ ಇಲ್ಲ ಎಂದು ಕಳಿಸಿದ್ದರು. ಅದು ಬೆಂಕಿಗೆ ತುಪ್ಪ ಸುರಿದ ಹಾಗಾಗಿತ್ತು. ಇನ್ನೊಂದು ಸಲ ತೋರಿಸೋಣ, ಈಗಲೂ ಏನೂ ಇಲ್ಲವೆಂದರೆ ಇಸ್ತ್ರಿ ಮೇಜು ಬೇರೆಯವಳಿಗೆ ಎಂದು ಖಡಾಖಂಡಿತವಾಗಿ ಹೇಳಿ, ಓರಗಿತ್ತಿ ತಾನೇ ಜೊತೆಗೆ ಹೊರಟಳು. ಆ ಮೇಜು ಬಿಟ್ಟರೆ ಆ ಮನೆಯಲ್ಲಿ ಕಡ್ಡಿಗೆ ತನ್ನದೆನ್ನುವುದು ಒಂದೂ ಇರಲಿಲ್ಲ.

ಆಸ್ಪತ್ರೆಯಲ್ಲಿ, ಎಕ್ಸ್‌ರೇ ಪರದೆಯ ಮೇಲೆ ಹೊಟ್ಟೆ ಕಾಣಲೆಂದು ಸುಣ್ಣದ ನೀರಿನಂಥ ಬಿಳಿ ಮದ್ದು ಕುಡಿಸಿ, ಮಬ್ಬು ಬೆಳಕಿನ ಕೋಣೆಯಲ್ಲಿ ಮಲಗಿಸಿದರು. ಮಲಗಿದೊಡನೆ ನೋವೆಲ್ಲ ಮಾಯ. ಸುಖವಾಗಿ ಕಣ್ಣು ಮುಚ್ಚಿದಳು. ಈ ಸುಖವೇ ತನ್ನನ್ನು ಮುಳುಗಿಸಲಿದೆ ಎಂದು ಹೊಳೆದದ್ದೇ ಥಟ್ಟನೆ ಕಣ್ಣು ಬಿಟ್ಟಳು. ಡಾಕ್ಟರು ಪರದೆ ನೋಡಿ, ಎಲ್ಲ ಸರಿಯಿದೆಯಲ್ಲ ಅಂದರು.

ಬಾಗಿಲಲ್ಲಿ ನಿಂತಿದ್ದ ಓರಗಿತ್ತಿ ಇದಕ್ಕೇ ಕಾದಿದ್ದಳು.

"ಮಲಗಿದಾಗ ಅವಳಿಗೆ ಯಾವತ್ತೂ ಏನೂ ಆಗಲ್ಲ ಡಾಕ್ಟ್ರೇ, ಮಹಾರಾಣಿ ಥರ ಇರ್ತಾಳೆ. ಎದ್ದು ನಿಂತ್ಕೋ ಅನ್ನಿ, ಆಗ ನೋಡಿ ಆಟ ಶುರುವಾಗೋದು."

ಡಾಕ್ಟರು ಓರಗಿತ್ತಿಯ ಮುಖ ನೋಡಿದರು, ಆಮೇಲೆ ಕಡ್ಡಿಯ ಮುಖ. "ಎದ್ದು ನಿಂತ್ಕೊಳ್ಳಮ್ಮ," ಅಂದರು.

ನಿಂತಳು. ಪರದೆಯ ಮೇಲಿನ ಬಿಳಿ ಚೀಲ ನಿದ್ದೆಗಣ್ಣಲ್ಲಿ ಜಾರುವವರ ಹಾಗೆ ಹೊಕ್ಕುಳು ದಾಟಿ, ಸೊಂಟದ ಮೂಳೆಗಳ ನಡುವೆ ಹೋಗಿ ತೂಗತೊಡಗಿತು. ಕಡ್ಡಿಗೆ ಅದು ತನ್ನದೆನ್ನಿಸಲಿಲ್ಲ, ನೀರಿನಡಿಯ ಚಂದ್ರನಂತಿತ್ತು. ಜಠರ ಜಾಗ ಬಿಟ್ಟು ಕೆಳಗಿಳಿದಿದೆ, ಹೊಟ್ಟೆಗೆ ಅಗಲದ ಪಟ್ಟಿ ಕಟ್ಟಬೇಕು, ಸ್ವಲ್ಪ ಸ್ವಲ್ಪವೇ ಉಣ್ಣಬೇಕು, ಉಂಡ ಮೇಲೆ ಮಲಗಲೇಬೇಕು ಎಂದರು ಡಾಕ್ಟರು.

ಇಬ್ಬರೂ ಲಾಂಡ್ರಿಗೆ ಮರಳಿದರು. ತಪ್ಪಾಯಿತು ಎನ್ನುವುದು ಓರಗಿತ್ತಿಯ ಜಾಯಮಾನವೇ ಅಲ್ಲ. ಊಟವಾದ ಮೇಲೆ ಕಡ್ಡಿ ಮೇಜಿನತ್ತ ನಡೆದು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಾಗ ಮಾತ್ರ ಅದನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ಸೋಮಾರಿ ನೀನಲ್ಲ, ನಿನ್ನ ಹೊಟ್ಟೆ. ಹೋಗಿ ಬಿದ್ಕೋ."

"ಹೊದಿಕೆ ರಾಶಿ ಬಿದ್ದಿದೆ ಅಕ್ಕ."

"ನನಗೇನು ಕೈ ಇಲ್ವಾ?"

ಕಡ್ಡಿ ಮಲಗಿದಳು. ಹಬೆಯ ಆಚೆ ಓರಗಿತ್ತಿ ಉಜ್ಜುವುದು, ಗೊಣಗುವುದು ಎಲ್ಲೋ ದೂರದಿಂದ ಕೇಳುತ್ತಿತ್ತು. ಮಡಿಕೆಯೆಲ್ಲ ಸೊಟ್ಟ ಹಾಕುತ್ತಿದ್ದಾಳೆ, ಎದ್ದ ಮೇಲೆ ಬಿಚ್ಚಿ ಮತ್ತೆ ಹಾಕಬೇಕು ಎಂದುಕೊಳ್ಳುತ್ತಲೇ ನಿದ್ದೆಹೋದಳು.