ಕಿಡ್ನಿ ಕೊಟ್ಟ ಅಣ್ಣ

ನಮ್ಮಣ್ಣ ಎರಡೂ ಕೈಯಲ್ಲಿ ಸೀಮೆಸುಣ್ಣ ಹಿಡಿದು ಒಮ್ಮೆಲೇ ಎರಡು ಚಿತ್ರ ಬರೆಯುತ್ತಿದ್ದ. ಎಡಗೈಯದು ರೋಗಾಣುವಿನ ತುಣುಕನ್ನು ಎತ್ತಿ ತೋರಿಸುವ ಕೋಶ, ಬಲಗೈಯದು ಅದನ್ನು ಗುರುತಿಸಿ ದೇಹ ಕಾಯುವ ಟಿ ಕೋಶ. ಚಿಕ್ಕೋಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಅವನ ತರಗತಿಯಲ್ಲಿ ನಾನೂ ಕೂತವನು. ಅಪ್ಪ ತೀರಿದ ಮೇಲೆ ನನ್ನನ್ನು ಓದಿಸಿದವನೂ ಅವನೇ.

ತೊಂಬತ್ತರ ದಶಕದ ಮಧ್ಯದಲ್ಲಿ ನನ್ನ ಎರಡೂ ಕಿಡ್ನಿ ಕೆಟ್ಟವು. ಕಾಗವಾಡದಲ್ಲಿ ದ್ರಾಕ್ಷಿ ತೋಟ ನೋಡಿಕೊಂಡಿದ್ದ ನಾನು ರಕ್ತ ಶುದ್ಧಿಗೆಂದು ಮಿರಜಕ್ಕೆ ಅಲೆಯತೊಡಗಿದೆ. ಬೇರೆಯವರ ಕಿಡ್ನಿ ಕೂಡಿಸಬೇಕೆಂದು ಡಾಕ್ಟರು ಹೇಳಿದಾಗ, ಅವ್ವ ಬಾಯಿ ತೆರೆಯುವ ಮೊದಲೇ ಅಣ್ಣ ಎದ್ದು ನಿಂತ.

"ನಂದು ತಗೋರಿ ಸಾಹೇಬ್ರ. ಅವ್ವಗ ವಯಸ್ಸಾಗೇತಿ."

ತಪಾಸಣೆಯಲ್ಲಿ ಅವನದು ಹೊಂದಿತು. ಮರಳುವಾಗ ಬಸ್ಸಿನ ಧೂಳು ಹಿಡಿದ ಗಾಜಿನ ಮೇಲೆ ಎರಡು ವೃತ್ತ ಎಳೆದ.

"ನನ್ನ ಕಿಡ್ನಿ ನಿನ್ನ ಟಿ ಕೋಶಕ್ಕ ಪರಕೀಯನ, ತಮ್ಮಾ. ಆದ್ರ ಗುರ್ತು ಸಿಕ್ಕ ಕೂಡ್ಲೆ ಅದು ದಾಳಿ ಮಾಡೂದಿಲ್ಲ. ತೋರಿಸಿದ ಕೋಶದ ಮೈಮ್ಯಾಲಿನ ಇನ್ನೊಂದು ಅಣು ಬಂದು ಟಿ ಕೋಶದ ಅಣುವಿಗೆ ಕೂಡಬೇಕು. ಅದು ಎರಡನೇ ಸೂಚನಾ."

"ಅದು ಬರದಿದ್ರ?"

"ಟಿ ಕೋಶ ಮರಗಟ್ಟತೈತಿ. ಆಮ್ಯಾಲ ಎಷ್ಟ್ ಕರದ್ರೂ ಏಳೂದಿಲ್ಲ. ದಾಳಿ ಜೋರಾದ್ರ 'ಸಾಕು' ಅನ್ನೋ ಅಣುನೂ ಐತಿ. ಆ ಎರಡನೇ ಸೂಚನಾ ತಡಿಯೋ ಔಷಧ ಹುಡುಕಾಕತ್ತಾರ. ಅಲ್ಲೀತನಕ ದಾಳಿ ತಗ್ಗಿಸೋ ಗುಳಿಗಿ ನುಂಗೂದು. ನಾ ಅದೇನಿ, ಅಂಜಬ್ಯಾಡ."

ನಾನು ಅಂಜಲಿಲ್ಲ.

ಆಪರೇಶನ್ನಿಗೆಂದು ಇಬ್ಬರೂ ಆಸ್ಪತ್ರೆ ಸೇರಬೇಕಿದ್ದ ದಿನ ಅಣ್ಣ ಬರಲಿಲ್ಲ. ಮಧ್ಯಾಹ್ನ ಅವನ ಹೆಂಡತಿಯ ತಮ್ಮ ಬಂದು, "ಮಾವಾರು ಪರೀಕ್ಷಾ ಕೆಲಸಕ್ಕ ಧಾರವಾಡಕ್ಕ ಹೋಗ್ಯಾರ್ರಿ. ತಾರೀಖ ಮುಂದ ಹಾಕ್ರಿ ಅಂದಾರ," ಎಂದ. ಆಗ ಎಲ್ಲೂ ಪರೀಕ್ಷೆ ಇರಲಿಲ್ಲ. ಮುಂದಿನ ತಾರೀಖಿಗೂ ಅವನು ಬರಲಿಲ್ಲ. ಕೊನೆಗೆ ಅವ್ವನೇ ಡಾಕ್ಟರ ಮುಂದೆ ನಿಂತು "ನಂದು ನೋಡ್ರಿ" ಅಂದಳು. ನಾನು ಬದುಕಿದ್ದು ಅವಳ ಕಿಡ್ನಿಯಿಂದ.

ಹೆದರಿಕೆ ಯಾರಿಗಿಲ್ಲ? "ನನಗ ಅಂಜಿಕಿ ಬಂದೈತಿ" ಎಂದು ಒಂದು ಮಾತು ಹೇಳಿದ್ದರೆ ನಾನೇ ಬೇಡ ಅನ್ನುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಹಾರೂಗೇರಿಯಲ್ಲಿ ಹಳೆಯ ವಿದ್ಯಾರ್ಥಿಗಳು ಅವನಿಗೆ ಸನ್ಮಾನ ಇಟ್ಟುಕೊಂಡರು. ಅವನು ನಮ್ಮನ್ನು ಕರೆದಿರಲಿಲ್ಲ. ಯಾರಿಂದಲೋ ಸುದ್ದಿ ಕೇಳಿದ ಅವ್ವ, "ಹಿರೇಮಗನ ಸನ್ಮಾನ, ಹೋಗೂಣು ನಡಿ," ಎಂದು ಹಟ ಹಿಡಿದಳು. ಹಿಂದಿನ ಸಾಲಿನಲ್ಲಿ ಕೂತೆವು.

"ಒಡಹುಟ್ಟಿದ ತಮ್ಮಗ ತಮ್ಮ ಕಿಡ್ನೀನ ಕೊಟ್ಟ ಗುರುಗಳು ಇವರು!" ಎಂದ ಭಾಷಣದವನು.

ಚಪ್ಪಾಳೆ ಬಿದ್ದವು. ಅಣ್ಣ ತಲೆ ತಗ್ಗಿಸಿ ಕೈ ಮುಗಿದ. ಆಮೇಲೆ ಮೈಕು ಹಿಡಿದು, ದೇಹ ಪರಕೀಯವಾದದ್ದನ್ನು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ಸೊಗಸಾಗಿ ವಿವರಿಸಿದ. ಆ ಒಂದು ತಪ್ಪನ್ನು ಮಾತ್ರ ತಿದ್ದಲಿಲ್ಲ. ನಾನು ಏಳಹೋದರೆ ಅವ್ವ ಮುಂಗೈ ಗಟ್ಟಿಯಾಗಿ ಹಿಡಿದಳು.

ಹೊರಗೆ ನಮ್ಮನ್ನು ಕಂಡು ಅವನ ಮುಖ ಕಪ್ಪಿಟ್ಟಿತು. "ನಾ ಹಂಗ ಹೇಳಿಲ್ಲಬೇ ಅವ್ವ. ಅವರನ ತಿಳ್ಕೊಂಡಾರ."

ಅವ್ವ ದನಿ ಏರಿಸಲಿಲ್ಲ. "ಎಲ್ಲಿ ಕೊಯ್ದಾರಪಾ? ತೋರ್ಸು, ನೋಡ್ತೀನಿ."

ಅವನು ಕೊರಳಿನ ಹಾರ ಹಿಡಿದುಕೊಂಡು ನಿಂತೇ ಇದ್ದ. ನಾನು ಅವನನ್ನು ಜೀವಂತ ಕಂಡದ್ದು ಅದೇ ಕೊನೆ.

ಎರಡು ವರ್ಷದೊಳಗೆ ಎದೆನೋವಿನಿಂದ ತೀರಿಕೊಂಡ. ಮಣ್ಣು ಮುಗಿಸಿ ಬಂದಾಗ ಹೈಸ್ಕೂಲು ಓದುತ್ತಿದ್ದ ಅವನ ಮಗಳು ಅವ್ವನ ತೊಡೆಯ ಮೇಲೆ ಮುಖವಿಟ್ಟು ಬಿಕ್ಕುತ್ತಿದ್ದಳು. "ಆಯಿ, ನಮ್ಮ ಪಪ್ಪಾ ಕಾಕಾಗ ಕಿಡ್ನಿ ಕೊಟ್ಟಿದ್ರಲ್ಲ, ಅದಕ್ಕ ಲಗೂ ಹೋದ್ರೇನ?"

ಅವ್ವ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಹುಡುಗಿಯ ತಲೆ ಸವರುತ್ತ ಹೇಳಿದಳು.

"ಕಿಡ್ನಿ ಕೊಟ್ರ ಯಾರೂ ಸಾಯೂದಿಲ್ಲವ್ವಾ. ನಿಮ್ಮಪ್ಪ ಕೊಟ್ಟಿದ್ದು ಪುಣ್ಯೇದ ಕೆಲಸ."

ನಾನು ಎದ್ದು ಹೊರಗೆ ಬಂದೆ.