ಸಿಮೆಂಟು ತಟ್ಟಿನ ತೂತು

ಅವತ್ತು ಮಧ್ಯಾಹ್ನ ನಮ್ಮತ್ತೆ ನಮ್ಮ ಹೊಸ ಮನೆಯ ಎದುರಿನ ಬೇವಿನ ಮರದ ತನಕ ಬಂದರು, ಕಿಟಕಿ ನೋಡಿದರು, ಒಳಗೆ ಬರದೆ ತಿರುಗಿ ಹೋದರು. ನಡೆದದ್ದು ಇಷ್ಟೇ. ಅದೇ ಹೊತ್ತಿನಲ್ಲಿ ಅವರು ಸಿರುಗುಪ್ಪದಲ್ಲಿ ತಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದರು ಅನ್ನುವುದೂ ನಿಜ. ಎರಡೂ ಹೇಗೆ ನಿಜ ಆಗುತ್ತವೆ ಎಂದು ನನ್ನನ್ನು ಕೇಳಬೇಡಿ. ನಾನು ಓದಿದ್ದು ಮೂರನೇ ಕ್ಲಾಸು.

ದೆವ್ವ, ಗಾಳಿ ಸೋಕುವುದು, ಸತ್ತವರು ಕನಸಿನಲ್ಲಿ ಬಂದು ಹೇಳುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಕುರುಗೋಡು ನನ್ನ ತವರು. ಅಲ್ಲಿ ಮೈಮೇಲೆ ಬಂತು ಎಂದು ಕೂದಲು ಬಿಚ್ಚಿ ಕುಣಿಯುವ ಹೆಂಗಸರನ್ನು ನೋಡಿದರೆ, ಇವರಿಗೆ ಮನೆಯಲ್ಲಿ ಕೆಲಸ ಕಡಿಮೆ ಎನ್ನುತ್ತಿದ್ದೆ. ಈಗಲೂ ಅದನ್ನೇ ಅನ್ನುತ್ತೇನೆ. ಆದರೆ ಕಣ್ಣಿಗೆ ಕಂಡದ್ದನ್ನು ಕಂಡಿಲ್ಲ ಅನ್ನುವುದು ನನಗೆ ಬರುವುದಿಲ್ಲ.

ಎಪ್ಪತ್ತರ ದಶಕದ ಮಾತು. ನಮ್ಮ ಯಜಮಾನರು ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಭತ್ತದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹೇಗೋ ಮಾಡಿ ಪಾರ್ವತಿನಗರದಲ್ಲಿ ಎರಡು ಕೋಣೆಯ ಮನೆ ಎಬ್ಬಿಸಿದೆವು. ಆಗ ಆ ಕಡೆ ಅರ್ಧ ಜಾಲಿಗಿಡ, ಅರ್ಧ ಮನೆ. ಗೋಡೆ ಎದ್ದಿತು, ಸುಣ್ಣ ಬಳಿದದ್ದಾಯಿತು, ಕಿಟಕಿಗೆ ಚೌಕಟ್ಟು ಮತ್ತು ಸರಳು ಕೂತವು. ಕಿಟಕಿಯ ಬಾಗಿಲು ಮಾತ್ರ ಬರಲಿಲ್ಲ. ಬಡಗಿ ನನ್ನ ತವರಿನವನು. ಕುರುಗೋಡಿನಲ್ಲೇ ಮಾಡಿ ಗಾಡಿಯಲ್ಲಿ ಕಳಿಸುತ್ತೇನೆ ಎಂದವನು ವಾರವಾರವೂ ಮುಂದಿನ ವಾರ ಅನ್ನುತ್ತಿದ್ದ. ಬಾಡಿಗೆ ಮನೆ ಬಿಡಬೇಕಾಗಿತ್ತು. ಹಾಲು ಉಕ್ಕಿಸಿ ಬಂದುಬಿಟ್ಟೆವು.

ಸರಳು ಮಾತ್ರ ಇರುವ ಕಿಟಕಿ ಎಂದರೆ ಬೀದಿಯಲ್ಲಿ ಕೂತು ಉಣ್ಣುವುದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಮೊದಲು ಹಳೇ ಪೇಪರು ಹಚ್ಚಿದೆ, ಜೋಳದ ಹಿಟ್ಟಿನ ಅಂಟು ಮಾಡಿ. ಒಂದು ಹಗಲು ಇತ್ತು. ಸಂಜೆ ಮೇಕೆಗಳು ಬಂದು ಸರಳಿನ ನಡುವೆ ಮೂತಿ ತೂರಿಸಿ, ಅಂಟಿನ ರುಚಿಗೆ ಪೇಪರು ಸಮೇತ ತಿಂದು ಹೋದವು. ಆಮೇಲೆ ಯಜಮಾನರ ಹಳೇ ಲುಂಗಿ ಕಟ್ಟಿದೆ. ಗಾಳಿಗೆ ಹಾರಿ ಹಾರಿ ಹರಿಯಿತು.

"ಬ್ರೂಸ್‌ಪೇಟಿಯೊಳಗ ಒಂದೀಟು ಪರದಿ ಅರಿವಿ ತರ್ತೀನಿ ತಡಿ" ಎಂದರು ಯಜಮಾನರು.

"ಮುಂದಿನ ವಾರ ಬಾಗಿಲಾ ಬರ್ತಾವ. ಒಂದು ವಾರಕ್ಕ ಹೊಸ ಅರಿವಿ ಯಾಕ ಹರೀಬೇಕ್ರಿ?" ಎಂದೆ.

ಹಿತ್ತಲಲ್ಲಿ ಮನೆ ಕಟ್ಟಿ ಉಳಿದ ಸಿಮೆಂಟಿನ ಗೋಣಿಚೀಲಗಳಿದ್ದವು. ಆಗ ಸಿಮೆಂಟು ಗೋಣಿಯಲ್ಲೇ ಬರುತ್ತಿತ್ತು. ಅವನ್ನು ಬಿಚ್ಚಿ, ಝಾಡಿಸಿ, ಎರಡೆರಡು ಪದರ ಮಾಡಿ ಹೊಲಿದು ಬೀದಿಯ ಎರಡು ಕಿಟಕಿಗೂ ಪಕ್ಕದ ಎರಡು ಕಿಟಕಿಗೂ ಬಿಗಿದು ಕಟ್ಟಿದೆ. ಬಳ್ಳಾರಿ ಬಿಸಿಲು ನಿಮಗೆ ಗೊತ್ತು. ತಂಪಾಗಲಿ ಎಂದು ದಿನವೂ ಚೊಂಬಿನಿಂದ ನೀರು ಎರಚಿದೆ. ಎಷ್ಟು ಝಾಡಿಸಿದರೂ ನೂಲಿನೊಳಗೆ ಸಿಮೆಂಟಿನ ಪುಡಿ ಉಳಿದೇ ಇತ್ತಲ್ಲ, ನೀರು ಕುಡಿದು ಗಟ್ಟಿಯಾಯಿತು. ವಾರ ಕಳೆಯುವುದರೊಳಗೆ ಗೋಣಿಯ ತಟ್ಟುಗಳು ಹಲಗೆಯಾಗಿ ನಿಂತವು. ಬಡಿದರೆ ಟಕ್ ಟಕ್ ಎನ್ನುತ್ತಿದ್ದವು. ತಂಪು ಹೋಗಲಿ, ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಮನೆ ಕಟ್ಟಿಸಿದವರು ಸಿಮೆಂಟು ಚೀಲಕ್ಕೆ ನೀರು ಹೊಡೆದ ಕಥೆ ಓಣಿಯಲ್ಲೆಲ್ಲ ನಗೆಯಾಯಿತು. ನಾನು ಮಾತ್ರ ಬಿಚ್ಚಲಿಲ್ಲ. ಮೇಕೆ ತಿನ್ನುವುದಿಲ್ಲವಲ್ಲ.

ಪಡಸಾಲೆಯ ತಟ್ಟಿನಲ್ಲಿ ಒಂದು ತೂತಿತ್ತು, ಹಮಾಲರು ಚೀಲ ಎತ್ತುವಾಗ ಕೊಕ್ಕೆ ಹಾಕುತ್ತಾರಲ್ಲ, ಆ ಕೊಕ್ಕೆಯದು. ಮಧ್ಯಾಹ್ನ ಚಾಪೆ ಹಾಸಿ ಅಡ್ಡಾದರೆ, ಆ ತೂತಿನಿಂದ ಬೀದಿಯೆಲ್ಲ ಒಳಗೆ ಎದುರಿನ ಹೊಸ ಸುಣ್ಣದ ಗೋಡೆಯ ಮೇಲೆ ಬಂದು ಬೀಳುತ್ತಿತ್ತು. ಬಣ್ಣ ಸಮೇತ, ಆದರೆ ತಲೆಕೆಳಗು. ಬೇವಿನ ಮರ ಬಾವಲಿಯ ಹಾಗೆ ಜೋತಿರುತ್ತಿತ್ತು. ಸೈಕಲ್ಲುಗಳು ಗಾಲಿ ಮೇಲೆ ಮಾಡಿ ಹೋಗುತ್ತಿದ್ದವು. ಯಾರು ಹೋದರು ಎಂದು ಗುರುತು ಹಿಡಿಯಬೇಕಾದರೆ ಚಾಪೆಯಿಂದ ಕುತ್ತಿಗೆ ಹೊರಳಿಸಿ ನೋಡಬೇಕು. ಮೊದಲ ದಿನ ಚಾಪೆ ಬಿಟ್ಟು ಎದ್ದು ಓಡಿದೆ. ಯಜಮಾನರು ನಕ್ಕರು.

"ಲೇ, ಫೋಟೋ ತೆಗಿಯೋ ಡಬ್ಬಿ ಒಳಗೂ ಹಿಂಗ ತಲಿಕೆಳಗ ಬೀಳತೈತಿ. ನೀ ಮನಿಯೊಳಗ ಟಾಕೀಸ್ ಕಟ್ಟಿಸಿದಿ ನೋಡು."

ಸರಿ ಎಂದುಕೊಂಡೆ. ಅದು ವಿಚಿತ್ರವಲ್ಲ. ಅದನ್ನು ಈಗ ಮೊಮ್ಮಗನೂ ಚಿತ್ರ ಬರೆದು ತೋರಿಸುತ್ತಾನೆ.

ಇನ್ನು ನಮ್ಮತ್ತೆಯ ವಿಷಯ. ಅವರು ಸಿರುಗುಪ್ಪದಲ್ಲಿ ನಮ್ಮ ಭಾವನ ಜೊತೆ ಇದ್ದರು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದಿತ್ತು. ಬಳ್ಳಾರಿಗೆ ಕರೆತನ್ನಿ, ಬೇಗ ಕೊಯ್ದು ತೆಗೆಯಬೇಕು, ಪೊರೆ ಹಣ್ಣಾಗಿ ಒಡೆದರೆ ಈ ಕಣ್ಣೂ ಉಳಿಯುವುದಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಆಮೇಲೆ ತಿಂಗಳುಗಟ್ಟಲೆ ನಮ್ಮ ಮನೆಯಲ್ಲೇ ಇರಬೇಕು. ಅವರು ಬರಲೊಲ್ಲರು. ಯಾರೋ ಹೋಗಿ ತಟ್ಟಿನ ಸುದ್ದಿ ಮುಟ್ಟಿಸಿದ್ದರು.

ಯಜಮಾನರು ಕರೆಯಲು ಹೋಗಿ ಒಬ್ಬರೇ ವಾಪಸು ಬಂದರು. ಅವರವ್ವ ಹೇಳಿದ್ದನ್ನು ಹಾಗೇ ಒಪ್ಪಿಸಿದರು: "ತಟ್ಟು ಕಟ್ಟೋದು ದನದ ಕೊಟ್ಟಿಗಿಗೆ. ನನ್ನ ಮಗ ಮನಿ ಕಟ್ಟ್ಯಾನೋ, ಕೊಟ್ಟಿಗಿ ಕಟ್ಟ್ಯಾನೋ? ಆಕಿ ತವರುಮನಿ ಬಡಿಗ್ಯಾ ಬಾಗಿಲಾ ಕೊಡಲಿ, ಆಮ್ಯಾಗ ನಾ ಕಾಲಿಡ್ತೀನಿ."

"ಕುರುಡಿ ಆಗಿ ಕಾಲಿಟ್ರ ಏನು ಬಂತ್ರಿ? ಆಗ ತಟ್ಟಾದ್ರೇನು, ತೇಗಿನ ಬಾಗಿಲಾದ್ರೇನು?" ಎಂದೆ ನಾನು.

ಯಜಮಾನರು ರಾತ್ರಿ ಊಟ ಬಿಟ್ಟರು. ನನಗೂ ಅತ್ತೆಗೂ ಅಂಥ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಹಠ ಇಬ್ಬರಿಗೂ ಇತ್ತು.

ಅವತ್ತು ಮಕ್ಕಳು ರಜೆಗೆ ಕುರುಗೋಡಿಗೆ ಹೋಗಿದ್ದವು. ಊಟ ಮಾಡಿ, ಪಾತ್ರೆ ತೊಳೆದು, ಪಡಸಾಲೆಯಲ್ಲಿ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಬೆವರಿಗೆ ಬೀಸಣಿಗೆ ಆಡಿಸುತ್ತಲೇ ಇದ್ದೆ. ಗೋಡೆಯ ಮೇಲೆ ಬೀದಿ ಖಾಲಿ ಇತ್ತು. ಅಷ್ಟರಲ್ಲಿ ಒಂದು ಕಡೆಯಿಂದ ಅತ್ತೆ ಬಂದರು. ತಲೆ ತುಂಬ ಸೆರಗು, ಕಂಕುಳಲ್ಲಿ ಬುತ್ತಿಯ ಗಂಟು, ಒಂದು ಕೈ ಮುಂದೆ ಚಾಚಿ ಗಾಳಿಯನ್ನು ಸವರುತ್ತ ಕಾಲು ಎಳೆದು ನಡೆಯುವ ಅದೇ ನಡಿಗೆ. ಮರದ ಹತ್ತಿರ ನಿಂತರು. ನಮ್ಮ ಮನೆಯ ಕಡೆ ಮುಖ ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ಬಂದ ದಾರಿಯಲ್ಲೇ ತಿರುಗಿದರು.

ಎದ್ದು ಬಾಗಿಲು ತೆಗೆದು ಬರಿಗಾಲಲ್ಲಿ ಓಡಿದೆ. ನೆಲ ಹೆಂಚಾಗಿತ್ತು. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಎದುರು ಮನೆಯ ಸುಬ್ಬಮ್ಮ, ತೆಲುಗಿನವಳು, ಬಾಗಿಲ ನೆರಳಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ಈಗ ಒಬ್ಬ ಮುದುಕಿ ಬಂದ್ರಲ್ಲ, ಯಾಕಡಿ ಹೋದ್ರು?" ಎಂದೆ.

"ಎವರೂ ರಾಲೇದಮ್ಮಾ" ಎಂದಳು, ಯಾರೂ ಬರಲಿಲ್ಲ ಎಂದು. "ಈ ಬಿಸಿಲಾಗ ಯಾರು ಬರ್ತಾರ? ನೀನೂ ಒಳಗ ಹೋಗು, ಅಂಗಾಲು ಬೊಬ್ಬಿ ಎದ್ದಾವು."

ಓಣಿಯ ತುದಿಯ ತನಕ ಹೋಗಿ ಬಂದೆ. ಇಲ್ಲ.

ಸಂಜೆ ಯಜಮಾನರಿಗೆ ಹೇಳಿದೆ. "ಯಾರೋ ಮುದುಕಿ ಇರಬೇಕು ಬಿಡು. ಸಿರುಗುಪ್ಪದಿಂದ ಭತ್ತದ ಮಂದಿ ಈಗ ಮಂಡಿಗೆ ಬಂದಿದ್ರು. ಮಧ್ಯಾಹ್ನ ಬಸ್ಸು ಹತ್ತೋ ಮುಂದ ನಮ್ಮವ್ವ ಕಟ್ಟಿ ಮ್ಯಾಲ ಕುಂತು ಅವರಿಗೂ ಬೈದಳಂತ" ಎಂದರು.

"ನಿಮ್ಮವ್ವನ ನಡಿಗಿ ನನಗ ಗೊತ್ತಿಲ್ಲೇನ್ರಿ?"

"ತಲಿಕೆಳಗ ಕಾಣೋದರಾಗ ನಡಿಗಿ ಏನು ಗೊತ್ತಾಗತೈತಿ?"

ಅವರು ಹಾಗೆ ಅಂದಮೇಲೆಯೇ ನನಗೆ ಹೊಳೆದದ್ದು. ಮರ ಎಂದಿನಂತೆ ಜೋತಿತ್ತು. ಎದುರು ಮನೆಯ ಮಾಳಿಗೆ ಕೆಳಗಿತ್ತು. ಅತ್ತೆ ಮಾತ್ರ ನೆಟ್ಟಗಿದ್ದರು. ಕಾಲು ಕೆಳಗೆ, ತಲೆ ಮೇಲೆ, ನಿಮ್ಮ ನನ್ನ ಹಾಗೆ. ಗುರುತು ಹಿಡಿಯಲು ನಾನು ಕುತ್ತಿಗೆ ಹೊರಳಿಸಿಯೇ ಇರಲಿಲ್ಲ. ಇದನ್ನು ಹೇಳಿದಾಗ ಯಜಮಾನರು ನಗಲಿಲ್ಲ. ಎದ್ದು ಹೋಗಿ ಆ ಗೋಡೆಯನ್ನು ಕೈಯಿಂದ ಒರೆಸಿ ನೋಡಿದರು. ಸುಣ್ಣ ಕೈಗೆ ಹತ್ತಿತು, ಅಷ್ಟೇ.

ಅತ್ತೆ ಅದೇ ವಾರ ಬಂದರು. ಕಣ್ಣು ಕೊಯ್ದರು, ಉಳಿಯಿತು. ದಪ್ಪ ಕನ್ನಡಕ ಹಾಕಿಕೊಂಡು ಬಹಳ ವರ್ಷ ನನ್ನ ಅಡಿಗೆಯಲ್ಲಿ ಕಲ್ಲು ಹುಡುಕಿದರು. ಪಟ್ಟಿ ಬಿಚ್ಚಿದ ಮೇಲೆ ಒಂದು ದಿನ ಕೇಳಿದೆ: "ಅತ್ತಿ, ನೀವು ಮೊದಲ ಒಮ್ಮಿ ಈ ಮನಿ ಕಡಿ ಬಂದಿದ್ರೇನು?" ಬೇರೆ ಒಂದು ಮಾತೂ ಹೇಳಿರಲಿಲ್ಲ. ಯಜಮಾನರೂ ಹೇಳಿಲ್ಲ ಎಂದು ಆಣೆ ಮಾಡಿದ್ದರು.

"ಬಚ್ಚಲಕ್ಕ ಹೋಗಾಕ ಗ್ವಾಡಿ ಹಿಡೀತಿದ್ದೆ, ಬಳ್ಳಾರಿಗೆ ಹೆಂಗ ಬರ್ಲೇ ಯವ್ವಾ?" ಎಂದರು. ಸೆರಗು ಸರಿಮಾಡಿಕೊಂಡು, "ಬಂದಿದ್ರೂ ಒಳಗ ಬರ್ತಿದ್ನೇನು? ನಿನ್ನ ತಟ್ಟು ನೋಡಿ ಆ ಬೇವಿನ ಗಿಡದ ಬುಡದಿಂದನ ತಿರುಗಿ ಹೋಗ್ತಿದ್ದೆ" ಎಂದರು.

ನಾನು ಮತ್ತೆ ಕೇಳಲಿಲ್ಲ. ಅವರು ಈಗಿಲ್ಲ, ಯಜಮಾನರೂ ಇಲ್ಲ. ನಿದ್ದೆಗಣ್ಣಲ್ಲಿ ಕಂಡದ್ದು ಅಜ್ಜಿ, ಅನ್ನುತ್ತಾನೆ ಮೊಮ್ಮಗ. ನಿದ್ದೆಗಣ್ಣಾದರೆ ಮರವೂ ನೆಟ್ಟಗೆ ಕಾಣಬೇಕಿತ್ತಲ್ಲ ಎಂದರೆ ಅವನಿಗೂ ತಿಳಿಯುವುದಿಲ್ಲ. ನನಗೆ ತಿಳಿಯದ್ದು ಅವನಿಗೆ ತಿಳಿಯಬೇಕು ಎಂದೇನೂ ಇಲ್ಲ.

ಗೋಡೆಯ ಮೇಲೆ ಅತ್ತೆಯನ್ನು ಕಂಡ ಮಾರನೇ ದಿನ ಬೆಳಿಗ್ಗೆ ಮಾಡಿದ್ದನ್ನು ಮಾತ್ರ ಹೇಳಿಬಿಡುತ್ತೇನೆ. ಕಸ ಹೊಡೆದು, ಕಿಟಕಿಯ ತಟ್ಟುಗಳನ್ನು ಹಾರೆಯಿಂದ ಮೀಟಿ ಕಿತ್ತೆ. ಹಪ್ಪಳದ ಹಾಗೆ ಮುರಿದವು. ಟ್ರಂಕು ತೆಗೆದು ನನ್ನ ಮದುವೆ ಸೀರೆ ಹೊರಗೆ ಹಾಕಿದೆ, ರೇಷ್ಮೆಯದು, ಹೊಂಬಣ್ಣದ ಅಂಚು. ಗಂಡ ಇರುವಾಗ ಮದುವೆ ಸೀರೆಗೆ ಕತ್ತರಿ ಹಾಕಬಾರದು ಎಂದು ಯಜಮಾನರು ಬಾಗಿಲಲ್ಲೇ ನಿಂತರು.

"ನೀವು ನಿಂತು ನೋಡಬ್ಯಾಡ್ರಿ. ಮೊದಲ ಬಸ್ಸಿಗೆ ಸಿರುಗುಪ್ಪಕ್ಕ ಹೋಗ್ರಿ. ಕಿಡಕಿಗೆ ರೇಷ್ಮಿ ಹಾಕ್ಯಾಳ, ಬಂದು ಮುಟ್ಟಿ ನೋಡು ಅಂತ ನಿಮ್ಮವ್ವಗ ಹೇಳ್ರಿ" ಎಂದೆ.

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನು ಸೀರೆಯನ್ನು ನೆಲಕ್ಕೆ ಹಾಸಿ ನಾಲ್ಕು ತುಂಡು ಮಾಡಿದೆ. ಸೆರಗನ್ನು ಬೀದಿಯ ಕಡೆಗೆ ಕಟ್ಟಿದೆ.